ಪಳಗದ ಲಾಕು: ಮಡಚುವ ಕತ್ತಿಯ ಚರಿತ್ರೆಯಿಂದ ಕೆಲವು ಪುಟಗಳು

ಚರಿತ್ರೆಯೆಂದರೆ ಅರಸರು, ಯುದ್ಧಗಳು, ಶಾಸನಗಳು ಎಂದೇ ನಾವೆಲ್ಲ ಶಾಲೆಯಲ್ಲಿ ಓದಿದವರು. ಬಿ.ಎ. ತರಗತಿಯಲ್ಲಿ ನನಗೆ ಸಿಕ್ಕಿದ್ದೂ ಹೆಚ್ಚುಕಡಿಮೆ ಅದೇ. ಬ್ಯಾಂಕಿನ ಕೌಂಟರಿನಲ್ಲಿ ಇಪ್ಪತ್ತು ವರ್ಷ ಕುಳಿತ ಮೇಲೆ ನನಗೆ ಇನ್ನೊಂದು ಬಗೆಯ ಚರಿತ್ರೆಯ ಮೇಲೆ ಪ್ರೀತಿ ಹುಟ್ಟಿದೆ. ಅದು ಬೀಗ, ತಕ್ಕಡಿ, ಗಡಿಯಾರ, ಕತ್ತಿ ಮೊದಲಾದ ಕೈಸಾಮಾನುಗಳ ಚರಿತ್ರೆ. ಇವುಗಳನ್ನು ಮಾಡಿದವರ ಹೆಸರು ಬಹುಮಟ್ಟಿಗೆ ಉಳಿದಿಲ್ಲ. ಆದರೆ ಅವರ ಬುದ್ಧಿ ಆ ವಸ್ತುವಿನ ಒಳಗೇ ಇದೆ. ಈ ಲೇಖನದಲ್ಲಿ ಮಡಚುವ ಕತ್ತಿಯನ್ನೂ ಅದಕ್ಕಿಂತ ಹೆಚ್ಚಾಗಿ ಅದರ ಲಾಕನ್ನೂ ಕುರಿತು ನಾನು ತಿಳಿದುಕೊಂಡ ಕೆಲವು ವಿಷಯಗಳನ್ನು ಹೇಳಬೇಕೆಂದಿದ್ದೇನೆ. ವಿಷಯ ಸಣ್ಣದು. ಆದರೆ ಬೆರಳು ಕಾಯುವ ಒಂದು ತಗಡಿನ ತುಂಡು ಮನುಷ್ಯರನ್ನು ಠಾಣೆಯವರೆಗೂ ಎಳೆದೊಯ್ಯಬಲ್ಲುದು ಎಂಬುದನ್ನು ಓದುಗರು ಮುಂದೆ ಕಾಣುವರು.

ಹೆಸರುಗಳಿಂದ ಆರಂಭ

ನಮ್ಮ ಕಾಸರಗೋಡಿನ ಮನೆಗಳಲ್ಲಿ ಕತ್ತಿಗಳಿಗೆ ಕೊರತೆಯಿಲ್ಲ. ತರಕಾರಿ ಹೆಚ್ಚಲು ಮೆಟ್ಟುಕತ್ತಿ, ತೋಟಕ್ಕೆ ಹೋಗುವಾಗ ಸೊಂಟದಲ್ಲಿ ಕತ್ತಿ, ಸಣ್ಣಪುಟ್ಟ ಕೆಲಸಕ್ಕೆ ಪೀಶಕತ್ತಿ. ಮಲೆಯಾಳ ಮನೆಮಾತಿನವರು ಪಿಚ್ಚಾತ್ತಿ ಎನ್ನುತ್ತಾರೆ. ಮಡಚುವ ಸಣ್ಣ ಕತ್ತಿಗೆ ಅವರಲ್ಲಿ ‘ಪೇನಾಕ್ಕತ್ತಿ’ ಎಂಬ ಹೆಸರೂ ಇದೆ. ಇದು ಇಂಗ್ಲಿಷಿನ ಪೆನ್‌ನೈಫ್ ಎಂಬುದರ ಮಾರ್ಗದಲ್ಲೇ ಬಂದದ್ದು. ಹಕ್ಕಿಯ ಗರಿಯನ್ನು ಲೇಖನಿಯಾಗಿ ಬಳಸುತ್ತಿದ್ದ ಕಾಲದಲ್ಲಿ ಅದರ ತುದಿಯನ್ನು ಆಗಾಗ ಕೊರೆದು ಸರಿಮಾಡಲು ಗುಮಾಸ್ತರ ಬಳಿ ಒಂದು ಸಣ್ಣ ಕತ್ತಿ ಇರಬೇಕಾಗಿತ್ತು. ಕೆಲಸ ಹೋದರೂ ಹೆಸರು ಉಳಿಯಿತು. ನಾವು ಹೇಳುವ ಚಾಕು ಪಾರಸಿಯಿಂದ ಬಂದ ಶಬ್ದ. ಚೂರಿ ಎಂಬುದು ಸಂಸ್ಕೃತದ ಛುರಿಕೆಯ ಮಗಳು. ಹೀಗೆ ಒಂದೇ ಅಡುಗೆಮನೆಯಲ್ಲಿ ನಾಲ್ಕು ಭಾಷೆಗಳ ಕತ್ತಿಗಳಿವೆ.

ಮಡಚುವ ಕತ್ತಿ ಪರದೇಶದಿಂದ ಬಂದ ವಸ್ತುವೆಂದು ನಾವು ಭಾವಿಸುವುದುಂಟು. ಅದು ಪೂರ್ತಿ ಸರಿಯಲ್ಲ. ತಾಳೆಗರಿಯ ಮೇಲೆ ಬರೆಯುತ್ತಿದ್ದ ಕಾಲದಲ್ಲಿ ನಮ್ಮವರು ಕಂಠವನ್ನೂ ಮಲೆಯಾಳದವರು ನಾರಾಯವನ್ನೂ ಬಳಸುತ್ತಿದ್ದರು. ತಮಿಳುನಾಡಿನಲ್ಲಿ ಇದಕ್ಕೆ ಎಳುತ್ತಾಣಿ ಎಂದು ಹೆಸರು. ಅದರಲ್ಲೊಂದು ಬಗೆ ‘ಮಡಕ್ಕೆಳುತ್ತಾಣಿ’. ಹಿಡಿಯ ಒಂದು ತುದಿಯಲ್ಲಿ ಬರೆಯುವ ಮೊಳೆ, ಇನ್ನೊಂದು ತುದಿಯಲ್ಲಿ ಗರಿಯನ್ನು ಕತ್ತರಿಸುವ ಸಣ್ಣ ಅಲಗು. ಎರಡೂ ಹಿಡಿಯೊಳಕ್ಕೆ ಮಡಚಿಕೊಳ್ಳುತ್ತಿದ್ದವು. ತಮಿಳಿನ ‘ಮಡಕ್ಕು’, ಮಲೆಯಾಳದ ‘ಮಡಕ್ಕುಗ’, ನಮ್ಮ ‘ಮಡಚು’ ಒಂದೇ ಬೇರಿನ ಚಿಗುರುಗಳು. ಗರಿ ಕೊರೆಯುವ ಯುರೋಪಿನ ಗುಮಾಸ್ತನ ಹಾಗೆಯೇ ತಾಳೆಗರಿ ಬರೆಯುವ ದಕ್ಷಿಣದ ಲಿಪಿಕಾರನಿಗೂ ಸೊಂಟಕ್ಕೆ ಚುಚ್ಚದ ಒಂದು ಅಲಗು ಬೇಕಾಗಿತ್ತು. ಅಗತ್ಯ ಒಂದೇ ಆದಲ್ಲಿ ಉಪಾಯವೂ ಒಂದೇ ಆಗುತ್ತದೆ.

ಲಾಕು ಇಲ್ಲದ ಎರಡೂವರೆ ಸಾವಿರ ವರ್ಷ

ಇಂದಿನ ಆಸ್ಟ್ರಿಯಾ ದೇಶದ ಹಾಲ್‌ಸ್ಟಾಟ್ ಎಂಬಲ್ಲಿ ಉಪ್ಪಿನ ಗಣಿಗಳ ಪಕ್ಕದ ಪುರಾತನ ಶ್ಮಶಾನವನ್ನು ಅಗೆದಾಗ ಕಬ್ಬಿಣ ಯುಗದ ಅನೇಕ ವಸ್ತುಗಳು ದೊರೆತವು. ಅವುಗಳಲ್ಲಿ ಎಲುಬಿನ ಹಿಡಿಯ ಒಂದು ಮಡಚುವ ಕತ್ತಿಯೂ ಇದೆ. ಅದರ ಕಾಲ ಸುಮಾರು ಕ್ರಿ.ಪೂ. 6ನೇ ಶತಮಾನ. ರೋಮನ್ನರ ಕಾಲದಲ್ಲಿ ಈ ಬುದ್ಧಿ ಇನ್ನಷ್ಟು ಮುಂದೆ ಹೋಯಿತು. ಕೇಂಬ್ರಿಜ್‌ನ ಫಿಟ್ಜ್‌ವಿಲಿಯಂ ವಸ್ತುಸಂಗ್ರಹಾಲಯದಲ್ಲಿ ಕ್ರಿ.ಶ. 3ನೇ ಶತಮಾನದ ಬೆಳ್ಳಿಯ ಸಾಧನವೊಂದಿದೆ. ಚಮಚ, ಮುಳ್ಳುಚಮಚ, ಅಲಗು ಎಲ್ಲವೂ ಒಂದೇ ಹಿಡಿಗೆ ಕೀಲಿಸಿಕೊಂಡಿವೆ.

ಆ ಕಾಲದ ಈ ಕತ್ತಿಗಳು ಹಿಡಿಯ ಸೀಳಿನಲ್ಲಿ ಅಲಗಿಗೆ ಒಂದು ಕೀಲು ಮಾತ್ರ ಹೊಡೆದವು. ಕೀಲು ಬಿಗಿಯಾಗಿದ್ದರೆ ಅಲಗು ನಿಲ್ಲುವುದು, ಸಡಿಲವಾದರೆ ಬೀಳುವುದು. ಕೊಯ್ಯುವಾಗ ಅಲಗಿನ ಬೆನ್ನಿಗೆ ಏನಾದರೂ ತಾಗಿತೆಂದರೆ ಅದು ಮಡಚಿಕೊಂಡು ಬರುವುದು ನೇರವಾಗಿ ಬೆರಳಿನ ಮೇಲೆ.

ಇದಕ್ಕೆ ಒಳ್ಳೆಯ ಪರಿಹಾರವನ್ನು ಪ್ರಸಿದ್ಧಿಗೆ ತಂದವರು ಇಂಗ್ಲೆಂಡಿನ ಶೆಫೀಲ್ಡಿನ ಕತ್ತಿಗಾರರು. 14ನೇ ಶತಮಾನದ ಕವಿ ಚಾಸರನು ತನ್ನ ಕಾವ್ಯದಲ್ಲಿ ಶೆಫೀಲ್ಡಿನ ಕತ್ತಿಯನ್ನು ಹೆಸರಿಸಿದ್ದಾನೆಂದ ಮೇಲೆ ಆ ಊರಿನ ಕೀರ್ತಿ ಎಷ್ಟು ಹಳೆಯದೆಂದು ತಿಳಿಯಬಹುದು. ಹಿಡಿಯ ಬೆನ್ನಿನುದ್ದಕ್ಕೂ ಒಂದು ಉಕ್ಕಿನ ಪಟ್ಟಿ; ಅದು ಅಲಗಿನ ಬುಡವನ್ನು ಸದಾ ಒತ್ತಿ ಹಿಡಿಯುತ್ತದೆ. ಬಿಚ್ಚಿದಾಗಲೂ ಮಡಚಿದಾಗಲೂ ಅಲಗು ಸ್ವಲ್ಪ ತಡೆದು ನಿಲ್ಲುತ್ತದೆ. ಬಲವಾಗಿ ತಳ್ಳಿದರೆ ಮಾತ್ರ ಹೊರಳುತ್ತದೆ. ಶೆಫೀಲ್ಡಿನ ಜೋಸೆಫ್ ರಾಜರ್ಸ್ ಕಂಪೆನಿಯವರು 1822ರಲ್ಲಿ 1822 ಅಲಗುಗಳುಳ್ಳ ‘ವರ್ಷದ ಕತ್ತಿ’ಯನ್ನು ಮಾಡಿ ತಮ್ಮ ಜಾಣ್ಮೆಯನ್ನು ಜಗತ್ತಿಗೆ ತೋರಿಸಿದರು. ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸೆನರ್ ಎಂಬವರು 1884ರಲ್ಲಿ ಈಬಾಕ್ ಎಂಬ ಊರಲ್ಲಿ ಕಾರ್ಖಾನೆ ತೆರೆದು, 1891ರಲ್ಲಿ ತಮ್ಮ ದೇಶದ ಸೈನಿಕರಿಗೆ ಕತ್ತಿ ಒದಗಿಸಿದರು. 1897ರಲ್ಲಿ ಅವರು ನೋಂದಾಯಿಸಿದ ಅಧಿಕಾರಿಗಳ ಕತ್ತಿಯೇ ನಾವಿಂದು ‘ಸ್ವಿಸ್ ಕತ್ತಿ’ ಎಂದು ಕರೆಯುವ ಕೆಂಪು ಹಿಡಿಯ ಸಾಧನದ ಅಜ್ಜ. ಅದೂ ಬೆನ್ನಿನ ಸ್ಪ್ರಿಂಗಿನ ಬಲದಲ್ಲೇ ನಿಂತದ್ದು. ಲಾಕು ಅದರಲ್ಲೂ ಇರಲಿಲ್ಲ.

ಲಾಕು ಹುಟ್ಟಿದ ಬಗೆ

ಅಲಗು ತಾನಾಗಿ ಮಡಚದಂತೆ ಪೂರ್ತಿ ತಡೆಯುವ ಏರ್ಪಾಡು ಸ್ಪೇನಿನ ನವಾಖಾ ಕತ್ತಿಗಳಲ್ಲಿ ಪ್ರಸಿದ್ಧವಾಯಿತು. ಆಲ್ಬಸೀತೆ ಎಂಬ ಪಟ್ಟಣ ಇವುಗಳಿಗೆ ಇಂದಿಗೂ ಹೆಸರಾಗಿದೆ. ಅಲಗಿನ ಬುಡದಲ್ಲಿ ಹಲ್ಲುಗಳನ್ನು ಕೊರೆದು, ಬೆನ್ನಿನ ಸ್ಪ್ರಿಂಗಿನಲ್ಲಿ ಒಂದು ಕಿಂಡಿ ಮಾಡುತ್ತಿದ್ದರು. ಬಿಚ್ಚುತ್ತಾ ಹೋದಂತೆ ಒಂದೊಂದೇ ಹಲ್ಲು ಕಿಂಡಿಗೆ ಬಿದ್ದು ಕಟಕಟ ಎಂದು ಸದ್ದಾಗುತ್ತಿತ್ತು. ಆ ಸದ್ದಿನಿಂದಲೇ ಅದಕ್ಕೆ ಕರ್ರಾಕಾ, ಎಂದರೆ ಗಿಲಕಿ, ಎಂಬ ಹೆಸರು.

ಫ್ರಾನ್ಸಿನ ಆಲ್ಪ್ಸ್ ಪರ್ವತಸೀಮೆಯ ಸವಾಯ್ ಪ್ರಾಂತದ ಕಥೆ ನನಗೆ ತುಂಬ ಇಷ್ಟವಾದದ್ದು. ಅಲ್ಲಿ ಒಪಿನೆಲ್ ಎಂಬ ಮನೆತನದವರು ಕೊಡಲಿ, ಕತ್ತಿ ಮೊದಲಾದ ಕೃಷಿ ಸಲಕರಣೆಗಳನ್ನು ಮಾಡುತ್ತಿದ್ದರು. ಆ ಮನೆಯ ಜೋಸೆಫ್ ಒಪಿನೆಲ್ 1890ರಲ್ಲಿ, ತನ್ನ ಹದಿನೆಂಟರ ಹರೆಯದಲ್ಲಿ, ರೈತರ ಕಿಸೆಗೆ ಸರಿಹೊಂದುವ ಮಡಚುವ ಕತ್ತಿಯೊಂದನ್ನು ರೂಪಿಸಿದ. ಉರುಟಾದ ಮರದ ಹಿಡಿ, ಅದರಲ್ಲೊಂದು ಸೀಳು, ಒಂದು ಅಲಗು, ಒಂದು ಕೀಲು, ಮೇಲೊಂದು ಲೋಹದ ಪಟ್ಟಿ. 1897ರ ಹೊತ್ತಿಗೆ ಒಂದರಿಂದ ಹನ್ನೆರಡರ ತನಕ ಅಳತೆಗಳು ಸಿದ್ಧವಾದವು. 1909ರಲ್ಲಿ ‘ಕಿರೀಟ ಧರಿಸಿದ ಕೈ’ ಎಂಬ ಮುದ್ರೆಯನ್ನು ನೋಂದಾಯಿಸಿದರು. ಈ ಕತ್ತಿಗೆ ಅರುವತ್ತೈದು ವರ್ಷಗಳ ಕಾಲ ಲಾಕು ಇರಲಿಲ್ಲ. 1955ರಲ್ಲಿ ಆ ಮನೆತನದ ಮಾರ್ಸೆಲ್ ಒಪಿನೆಲ್ ಎಂಬವರು ಕತ್ತಿಯ ಕತ್ತಿನಲ್ಲಿ ತಿರುಗುವ ಒಂದು ಉಂಗುರವನ್ನು ತೊಡಿಸಿದರು. ಅಲಗು ಬಿಚ್ಚಿ ಉಂಗುರವನ್ನು ಸ್ವಲ್ಪ ತಿರುಗಿಸಿದರೆ ಸೀಳು ಮುಚ್ಚಿಕೊಂಡು ಅಲಗು ಮಡಚದಂತಾಯಿತು. 2000ದ ಬಳಿಕ ಮುಚ್ಚಿದ ಸ್ಥಿತಿಯಲ್ಲೂ ಲಾಕು ಬೀಳುವಂತೆ ತಿದ್ದಿದರು. ಕಿಸೆಯೊಳಗೆ ಕತ್ತಿ ತಾನಾಗಿ ಬಿಚ್ಚಿಕೊಳ್ಳುವ ಭಯವೂ ಹೋಯಿತು.

ಅಮೆರಿಕದ ಬಕ್ ಕಂಪೆನಿಯವರು 1964ರಲ್ಲಿ ‘110’ ಎಂಬ ಸಂಖ್ಯೆಯ ಬೇಟೆಗಾರರ ಕತ್ತಿಯನ್ನು ತಂದರು. ಅದರ ಬೆನ್ನಿನಲ್ಲಿ ತೂಗುವ ಸಲಾಕೆಯಂತಹ ಒಂದು ಪಟ್ಟಿ ಇದೆ. ಮಕ್ಕಳ ಏರಿಳಿತದ ಹಲಗೆಯ ಹಾಗೆ ಅದರ ನಡುವೆ ಕೀಲು. ಅಲಗು ಪೂರ್ತಿ ಬಿಚ್ಚಿದಾಗ ಪಟ್ಟಿಯ ಮೂತಿ ಅಲಗಿನ ಬುಡದ ಕಚ್ಚಿಗೆ ಬಿದ್ದು ಕೂರುತ್ತದೆ. ಹಿಂದಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿದರೆ ಮೂತಿ ಎದ್ದು ಅಲಗು ಬಿಡುಗಡೆಯಾಗುತ್ತದೆ. ಈ ಬಗೆಯ ಲಾಕು ಮೊದಲೇ ಇದ್ದರೂ ಅದನ್ನು ಮನೆಮಾತಾಗಿಸಿದ್ದು ಈ ಕತ್ತಿ.

1980ರ ದಶಕದ ಆರಂಭದಲ್ಲಿ ಅಮೆರಿಕದ ಮೈಕೆಲ್ ವಾಕರ್ ಎಂಬ ಕುಶಲಕರ್ಮಿ ಇನ್ನೊಂದು ಹಳೆಯ ಬುದ್ಧಿಗೆ ಹೊಸ ರೂಪ ಕೊಟ್ಟರು. ಹಿಡಿಯ ಒಳಮೈಯ ತಗಡನ್ನೇ ಸೀಳಿ, ತುಸು ಒಳಕ್ಕೆ ಬಗ್ಗಿಸಿ, ಅದು ಅಲಗಿನ ಬುಡದ ಹಿಂದೆ ಬಂದು ನಿಲ್ಲುವಂತೆ ಮಾಡಿದರು. ದಕ್ಷಿಣ ಆಫ್ರಿಕದಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಕ್ರಿಸ್ ರೀವ್ ಎಂಬವರು ಒಳತಗಡಿನ ಬದಲು ಹಿಡಿಯ ದಪ್ಪ ಟೈಟೇನಿಯಂ ಪಾರ್ಶ್ವವನ್ನೇ ಸ್ಪ್ರಿಂಗಾಗಿ ಮಾಡಿದರು. ಅವರ ಕತ್ತಿಯ ಹೆಸರು ಸೆಬೆಂಜಾ. ಜುಲು ಭಾಷೆಯಲ್ಲಿ ಅದಕ್ಕೆ ‘ಕೆಲಸ’ ಎಂದರ್ಥ. ಲಾಕು ಯಾರಿಗಾಗಿ ಹುಟ್ಟಿತು ಎಂಬ ಪ್ರಶ್ನೆಗೆ ಆ ಹೆಸರಿನಲ್ಲೇ ಉತ್ತರವಿದೆ.

ಹೊಸ ಲಾಕು ಗಟ್ಟಿ ಏಕೆ?

ಎರಡು ವರ್ಷದ ಹಿಂದೆ ಶಾರ್ಜಾದಿಂದ ರಜೆಯಲ್ಲಿ ಬಂದ ನನ್ನ ಭಾವ ಬೆನ್ನಿನ ಲಾಕಿನ ಒಂದು ಮಡಚುವ ಕತ್ತಿಯನ್ನು ತಂದುಕೊಟ್ಟ. ಲಾಕು ಎಷ್ಟು ಬಿಗಿ ಎಂದರೆ ಹೆಬ್ಬೆರಳಿನಲ್ಲಿ ಗುರುತು ಬೀಳುವವರೆಗೆ ಒತ್ತಿದರೂ ಬಿಡಲೊಲ್ಲದು. “ವಾಪಸು ಕೊಂಡುಹೋಗಿ ಬದಲಾಯಿಸಿ ತರುತ್ತೇನೆ ಭಾವ” ಎಂದು ಅವನು ಪೇಚಾಡಿದ. ನಾನು ಅದನ್ನು ನಮ್ಮ ಪೇಟೆಯ ಕೊನೆಯಲ್ಲಿ ಕುಲುಮೆ ಇಟ್ಟಿರುವ ಹಿರಿಯ ಆಚಾರಿಯವರಲ್ಲಿಗೆ ಒಯ್ದೆ. ಅವರ ಮನೆಮಾತು ಮಲೆಯಾಳ, ನನ್ನೊಡನೆ ಕನ್ನಡ. ನಾಲ್ಕು ಸಲ ಬಿಚ್ಚಿ ಮಡಚಿ, ಕಿವಿಯ ಹತ್ತಿರ ಹಿಡಿದು ಸದ್ದು ಕೇಳಿದರು.

“ಸಾರೇ, ಇದಕ್ಕೆ ರೋಗವಿಲ್ಲ. ಹೊಸತು, ಅಷ್ಟೆ. ಅರ ಮಾತ್ರ ಮುಟ್ಟಿಸಬೇಡಿ. ಪಳಗಲಿ.”

“ಎಷ್ಟು ದಿನ ಬೇಕು ಆಚಾರಿಯವರೇ?”

“ಅದು ನಿಮ್ಮ ಕೈಯ ಮೇಲೆ ಉಂಟು. ಕಪಾಟಿನಲ್ಲಿ ಇಟ್ಟರೆ ಹತ್ತು ವರ್ಷವಾದರೂ ಪಳಗದು.”

‘ಪಳಗು’ ಎಂಬ ಶಬ್ದ ನನ್ನ ಮನಸ್ಸಿನಲ್ಲಿ ಉಳಿಯಿತು. ನಮಗೆ ಪಳಗುವುದೆಂದರೆ ಒಗ್ಗಿಕೊಳ್ಳುವುದು, ಆನೆ ಪಳಗಿದ ಹಾಗೆ. ಮಲೆಯಾಳದ ‘ಪಳಗುಗ’ ಎಂಬುದಕ್ಕೆ ಹಳತಾಗುವುದು ಎಂದೂ ಅರ್ಥ. ಕತ್ತಿಯ ಮಟ್ಟಿಗೆ ಎರಡೂ ಭಾಷೆಯವರು ಹೇಳುವುದು ಸರಿಯೇ.

ಹೊಸ ಲಾಕು ಬಿಗಿಯಾಗಿರಲು ಕಾರಣಗಳುಂಟು. ಕಣ್ಣಿಗೆ ನುಣುಪಾಗಿ ಕಂಡರೂ ಯಂತ್ರದಿಂದ ಹೊರಬಂದ ಉಕ್ಕಿನ ಮೈಯಲ್ಲಿ ಸೂಕ್ಷ್ಮವಾದ ಉಬ್ಬುತಗ್ಗುಗಳು ಇರುತ್ತವೆ. ಎರಡು ಹೊಸ ಮೈಗಳು ಉಜ್ಜಿಕೊಂಡಾಗ ಉಬ್ಬುಗಳು ಒಂದಕ್ಕೊಂದು ತಾಗಿ ತಡೆಯುತ್ತವೆ. ಕತ್ತರಿಸಿದ ಅಂಚುಗಳಲ್ಲಿ ಸಣ್ಣ ಸಿಬಿರು ಉಳಿದಿರುತ್ತದೆ. ಹೊಳಪು ಕೊಡುವ ಪುಡಿ ಕೀಲಿನ ಸಂದಿಯಲ್ಲಿ ಸೇರಿಕೊಂಡಿರುವುದೂ ಉಂಟು. ಕೆಲವು ಕತ್ತಿಗಳಲ್ಲಿ ಕೀಲಿನ ತಿರುಪನ್ನು ಬೇಕಾದುದಕ್ಕಿಂತ ಹೆಚ್ಚು ಬಿಗಿದಿರುತ್ತಾರೆ. ಬಿಚ್ಚಿ ಮಡಚುತ್ತಾ ಹೋದಂತೆ ಉಬ್ಬುಗಳು ಸವೆದು ಒಂದರ ಮೈ ಇನ್ನೊಂದರ ಮೈಗೆ ಹೊಂದಿಕೊಳ್ಳುತ್ತದೆ. ಸ್ಪ್ರಿಂಗಿನ ಬಲ ಕುಗ್ಗಿತೆಂದು ನಮಗೆ ಅನಿಸುತ್ತದೆ. ನಿಜವಾಗಿ ಸ್ಪ್ರಿಂಗು ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ, ಉಜ್ಜಾಟ ಕಡಿಮೆಯಾಗಿರುತ್ತದೆ.

ಪಳಗಿಸುವ ಕ್ರಮ ಸರಳ. ಮೊದಲು ಕೀಲಿನ ಭಾಗವನ್ನು ಸೀಮೆಎಣ್ಣೆಯಿಂದ ತೊಳೆದು ಚೆನ್ನಾಗಿ ಒಣಗಿಸಬೇಕು. ಬಳಿಕ ಹೊಲಿಗೆಯಂತ್ರಕ್ಕೆ ಹಾಕುವ ತೆಳ್ಳಗಿನ ಎಣ್ಣೆಯ ಒಂದು ತೊಟ್ಟು ಸಾಕು. ನಮ್ಮಲ್ಲಿ ಎಲ್ಲಕ್ಕೂ ತೆಂಗಿನೆಣ್ಣೆ ಹಾಕುವ ಅಭ್ಯಾಸವಿದೆ. ಅದು ಕ್ರಮೇಣ ಅಂಟಾಗಿ ಧೂಳು ಹಿಡಿಯುತ್ತದೆ, ಆದ್ದರಿಂದ ಇಲ್ಲಿ ಬೇಡ. ಮತ್ತೆ ನಿಧಾನವಾಗಿ ಬಿಚ್ಚುವುದು, ಮಡಚುವುದು. ದಿನಕ್ಕೆ ನಲುವತ್ತು ಐವತ್ತು ಸಲ ಮಾಡಿದರೆ ಕೀಲಿನಿಂದ ಕಪ್ಪನೆಯ ಕೊಳೆ ಹೊರಬರುತ್ತದೆ. ಅದು ಸವೆದ ಲೋಹ. ಅದನ್ನು ಒರಸಿ ಮತ್ತೊಂದು ತೊಟ್ಟು ಎಣ್ಣೆ. ಮಡಚುವಾಗ ಅಲಗಿನ ದಾರಿಯಲ್ಲಿ ಬೆರಳು ಇರಬಾರದು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಒಳತಗಡಿನ ಲಾಕಾದರೆ ತಗಡು ಅಲಗಿಗೆ ತಾಗುವ ಮೈಗೆ ಎಣ್ಣೆ ಹಾಕದಿರುವುದೇ ಲೇಸು, ಅಲ್ಲಿ ಜಾರಬಾರದು. ಟೈಟೇನಿಯಂ ಲಾಕು ಉಕ್ಕಿಗೆ ಕಚ್ಚಿಕೊಂಡು ಬಿಡದಿದ್ದರೆ ಆ ಮೈಗೆ ಸಾಮಾನ್ಯ ಸೀಸದ ಕಡ್ಡಿಯಿಂದ ಗೀಚುವ ಉಪಾಯವನ್ನು ಬಲ್ಲವರು ಹೇಳುತ್ತಾರೆ. ಪೆನ್ಸಿಲಿನ ಕರಿ ಗ್ರಾಫೈಟ್ ಆದ್ದರಿಂದ ಅದು ಒಣಗಿದ ಎಣ್ಣೆಯ ಕೆಲಸ ಮಾಡುತ್ತದೆ. ಇದು ಬ್ಯಾಂಕಿನವನಾದ ನನಗೆ ಹೊಸತಲ್ಲ. ಬೀಗದ ತೂತಿಗೆ ಎಣ್ಣೆ ಹೊಯ್ಯುವ ಬದಲು ಗ್ರಾಫೈಟಿನ ಪುಡಿ ಊದಿದರೆ ಧೂಳು ಅಂಟುವುದಿಲ್ಲವೆಂಬುದು ಬೀಗದ ಕೆಲಸದವರು ಯಾವಾಗಲೂ ಹೇಳುವ ಮಾತು. ಚಿಕ್ಕಂದಿನಲ್ಲಿ ಕತ್ತಿಯಿಂದ ಪೆನ್ಸಿಲು ಹೆರೆಯುತ್ತಿದ್ದ ನಮಗೆ ಪೆನ್ಸಿಲು ಆ ಋಣ ತೀರಿಸಿದಂತೆ ಕಾಣುತ್ತದೆ.

ಸವಾಯ್‌ನ ಮರದ ಹಿಡಿಯ ಕತ್ತಿಯ ತೊಂದರೆ ಬೇರೆ. ಒದ್ದೆಯಾದರೆ ಮರ ಉಬ್ಬಿ ಅಲಗನ್ನು ಹಿಡಿದುಕೊಳ್ಳುತ್ತದೆ. ನಮ್ಮ ಆಟಿ ತಿಂಗಳ ಮಳೆಯಲ್ಲಿ ಬಾಗಿಲುಗಳು ದಾರಂದಕ್ಕೆ ಕಚ್ಚಿಕೊಳ್ಳುವುದನ್ನು ಕಂಡವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಉಂಗುರವನ್ನು ಸಡಿಲಿಸಿ ಹಿಡಿಯ ಹಿಂಬದಿಯನ್ನು ಗಟ್ಟಿ ಜಾಗಕ್ಕೆ ಕುಟ್ಟಿದರೆ ಅಲಗು ತುಸು ಹೊರಗೆ ಬರುತ್ತದೆ. ಇದಕ್ಕೆ ಅಲ್ಲಿ ‘ಸವಾಯ್‌ಯವನ ಏಟು’ ಎಂದೇ ಹೆಸರು.

ಆಚಾರಿಯವರು ಅರ ಬೇಡವೆಂದದ್ದರ ಒಳಗುಟ್ಟು ದೊಡ್ಡದು. ಲಾಕು ಕೂರುವ ಕಚ್ಚಿನ ಅಳತೆ ಬಹಳ ನಾಜೂಕು. ಅಲ್ಲಿ ಕೂದಲೆಳೆಯಷ್ಟು ಲೋಹ ಹೋದರೂ ಲಾಕು ಬಿದ್ದಂತೆ ಕಂಡು ಬೀಳದೆ ಉಳಿಯಬಹುದು. ಬಿಗಿಯಾದ ಲಾಕು ಹೆಬ್ಬೆರಳನ್ನು ನೋಯಿಸುತ್ತದೆ ಅಷ್ಟೆ. ನಂಬಿಸಿ ಕೈಬಿಡುವ ಲಾಕು ಬೆರಳನ್ನೇ ತೆಗೆಯುತ್ತದೆ. ಮೂರು ವಾರಗಳಲ್ಲಿ ನನ್ನ ಕತ್ತಿ ಪಳಗಿತು. ಈಗ ಮಗಳು ಕೂಡ ಅದನ್ನು ಮಡಚಬಲ್ಲಳು.

ರಾಮಪುರದ ಕಮಾನಿ

ನಮ್ಮ ದೇಶದಲ್ಲಿ ಮಡಚುವ ಕತ್ತಿಯ ಲಾಕಿಗೆ ಹೆಸರಾದ ಊರು ಉತ್ತರ ಪ್ರದೇಶದ ರಾಮಪುರ. 1774ರಲ್ಲಿ ಫೈಜುಲ್ಲಾ ಖಾನರ ಕಾಲದಲ್ಲಿ ಸ್ಥಾಪನೆಗೊಂಡ ರೋಹಿಲ್ಲಾ ನವಾಬರ ಸಂಸ್ಥಾನವದು. ಅದರ ಗ್ರಂಥಾಲಯ ವಿದ್ವಾಂಸರಲ್ಲಿ ಪ್ರಸಿದ್ಧ, ಅದರ ಚಾಕು ಜನಸಾಮಾನ್ಯರಲ್ಲಿ. ‘ಕಮಾನಿ’ ಎಂದರೆ ಸ್ಪ್ರಿಂಗು. ಸ್ಪ್ರಿಂಗಿನಿಂದ ಬಿಗಿಯುವುದು ಕಮಾನಿದಾರ್. ಹಲ್ಲುಚಕ್ರದಂತೆ ಕಟಕಟ ಎನ್ನುವುದು ಗರಾರಿದಾರ್. ಗುಂಡಿ ಒತ್ತಿದರೆ ಬಿಡುವುದು ಬಟನ್‌ದಾರ್. ಸ್ಪೇನಿನ ಕತ್ತಿಗೆ ಸದ್ದಿನಿಂದ ಹೆಸರು ಬಂದ ಹಾಗೆ ಇಲ್ಲಿಯೂ ಹೆಸರುಗಳು ಲಾಕಿನಿಂದ ಬಂದವು. ಹಿಂದಿ ಚಲನಚಿತ್ರಗಳಲ್ಲಿ ಖಳನಾಯಕರ ಕೈಯಲ್ಲಿ ಆ ಕಟಕಟ ಸದ್ದನ್ನು ಕೇಳಿದ ಮೇಲೆ ರಾಮಪುರಿ ಎಂಬ ಊರಿನ ಹೆಸರೇ ಭಯದ ಹೆಸರಾಯಿತು. ಕನ್ನಡದ ಪತ್ತೇದಾರಿ ಕಾದಂಬರಿ ಓದಿದವರಿಗೂ ಇದು ಪರಿಚಿತ.

1990ರ ದಶಕದಲ್ಲಿ ಉತ್ತರ ಪ್ರದೇಶ ಸರಕಾರ ನಾಲ್ಕೂವರೆ ಇಂಚಿಗಿಂತ ಉದ್ದದ ಅಲಗಿನ ಚಾಕುಗಳನ್ನು ನಿಷೇಧಿಸಿತು. ಒಂಬತ್ತು, ಹತ್ತು ಇಂಚಿನ ಅಲಗುಗಳಿಗೆ ಹೆಸರಾಗಿದ್ದ ಊರಿಗೆ ಇದು ದೊಡ್ಡ ಪೆಟ್ಟು. ಕಡಿಮೆ ಬೆಲೆಗೆ ಬರುವ ಕಾರ್ಖಾನೆಯ ಕತ್ತಿಗಳ ಪೈಪೋಟಿಯೂ ಸೇರಿ ಅನೇಕ ಕುಶಲಕರ್ಮಿಗಳು ಕಸುಬು ಬಿಟ್ಟರು. ವಿಚಿತ್ರವೆಂದರೆ 2023ರಲ್ಲಿ ಅದೇ ಊರಿನ ಒಂದು ವೃತ್ತದಲ್ಲಿ ಸುಮಾರು ಇಪ್ಪತ್ತು ಅಡಿಯ ಚಾಕುವಿನ ಪ್ರತಿಮೆಯನ್ನು ನಿಲ್ಲಿಸಿ ಅದಕ್ಕೆ ಚಾಕು ಚೌಕ ಎಂದು ಹೆಸರಿಟ್ಟರು. ಕಸುಬು ಜೀವಂತವಿದ್ದಾಗ ಸಂಶಯದಿಂದ ನೋಡುವುದು, ಕುಗ್ಗಿದ ಮೇಲೆ ಸ್ಮಾರಕ ಕಟ್ಟುವುದು ನಮ್ಮಲ್ಲಿ ಕತ್ತಿಗಾರರಿಗೆ ಮಾತ್ರ ಬಂದ ಪಾಡಲ್ಲ. ಸಣ್ಣ ಭಾಷೆಯ ಜನರಾದ ನಮಗೆ ಇದು ಬೇಗ ಅರ್ಥವಾಗುವ ಸಂಗತಿ.

ಕಾನೂನಿನ ಕಣ್ಣು

1959ರ ಆಯುಧ ಕಾಯಿದೆಯ ನಿಯಮಗಳಲ್ಲಿ ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲ ಅಲಗಿನ ಕತ್ತಿಗಳನ್ನು ಆಯುಧಗಳ ಪಟ್ಟಿಗೆ ಸೇರಿಸಿದ್ದಾರೆ. ಮನೆ, ಕೃಷಿ, ವಿಜ್ಞಾನ, ಕೈಗಾರಿಕೆಗಳ ಬಳಕೆಗೆ ಮಾಡಿದವುಗಳಿಗೆ ವಿನಾಯಿತಿ. ಹಾಗಲ್ಲದಿದ್ದರೆ ನಮ್ಮ ಅಡಿಕೆ ತೋಟದ ಕತ್ತಿಗಳ ಗತಿ ಏನಾಗುತ್ತಿತ್ತು? ದಿಲ್ಲಿಯ ಆಡಳಿತ 1980ರಲ್ಲಿ ಹೊರಡಿಸಿದ ಅಧಿಸೂಚನೆ ಇನ್ನೂ ಸೂಕ್ಷ್ಮ. ಸ್ಪ್ರಿಂಗಿನ, ಗರಾರಿದಾರ್, ಬಟನ್‌ದಾರ್ ಮುಂತಾದ ಕತ್ತಿಗಳ ಅಲಗು 7.62 ಸೆಂಟಿಮೀಟರ್ ಉದ್ದ, 1.72 ಸೆಂಟಿಮೀಟರ್ ಅಗಲ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಅವುಗಳ ಮೇಲೆ ನಿರ್ಬಂಧ ಹೇರಿತು. 7.62 ಸೆಂಟಿಮೀಟರ್ ಎಂದರೆ ಸರಿಯಾಗಿ ಮೂರು ಇಂಚು.

ಇಂಗ್ಲೆಂಡಿನಲ್ಲಿಯೂ ಇದೇ ಮೂರು ಇಂಚು ಬರುತ್ತದೆ. ಅಲ್ಲಿಯ 1988ರ ಕಾಯಿದೆಯ ಪ್ರಕಾರ ಮೂರು ಇಂಚನ್ನು ಮೀರದ ಅಲಗಿನ ಮಡಚುವ ಕತ್ತಿಯನ್ನು ಸಾರ್ವಜನಿಕ ಸ್ಥಳದಲ್ಲಿ ಕಿಸೆಯಲ್ಲಿಟ್ಟುಕೊಳ್ಳಬಹುದು. ಆದರೆ ಲಾಕು ಇರುವ ಕತ್ತಿ ಮಡಚುವ ಕತ್ತಿ ಹೌದೇ ಅಲ್ಲವೇ ಎಂಬ ಪ್ರಶ್ನೆ ಬಂತು. 1990ರ ದಶಕದ ಆರಂಭದಲ್ಲಿ ಹ್ಯಾರಿಸ್ ಎಂಬವರ ಪ್ರಕರಣದಲ್ಲಿ ನ್ಯಾಯಾಲಯ ತೀರ್ಪು ಕೊಟ್ಟಿತು. ಗುಂಡಿ ಒತ್ತದೆ ಮಡಚಲಾಗದ ಕತ್ತಿ, ಲಾಕು ಬಿದ್ದಷ್ಟು ಹೊತ್ತು ಮಡಚದ ಕತ್ತಿಯೇ ಸರಿ. ಆದ್ದರಿಂದ ಅದಕ್ಕೆ ವಿನಾಯಿತಿ ಇಲ್ಲ. ಅಂದರೆ ಬೆರಳು ಕಾಯಲೆಂದು ಇಟ್ಟ ಲಾಕೇ ಕತ್ತಿಯನ್ನು ಕಾನೂನಿನ ಸಂಶಯಕ್ಕೆ ಗುರಿಮಾಡಿತು. ಲಾಕಿಲ್ಲದ ಅಪಾಯದ ಕತ್ತಿಗೆ ಕ್ಷಮೆ, ಲಾಕಿರುವ ಭದ್ರವಾದ ಕತ್ತಿಗೆ ‘ಕಾರಣ ಹೇಳು’ ಎಂಬ ಪ್ರಶ್ನೆ. ನ್ಯಾಯಾಧೀಶರ ತರ್ಕದಲ್ಲಿಯೂ ಹುರುಳಿದೆ. ಮಡಚದ ಅಲಗಿನಿಂದ ಹಣ್ಣು ಕೊಯ್ಯುವುದು ಹೇಗೆ ಸುಲಭವೋ ಮನುಷ್ಯನನ್ನು ಇರಿಯುವುದೂ ಹಾಗೆಯೇ ಸುಲಭ.

ನಮ್ಮ ನೆರೆಯ ಎರಡು ಕತ್ತಿಗಳು

ಈ ಮಾತು ನಮ್ಮ ಸೀಮೆಗೂ ಹೊಸತಲ್ಲ. ಇಲ್ಲಿ ಹೇಳುವ ಎರಡೂ ಮಡಚುವ ಕತ್ತಿಗಳಲ್ಲ. ಆದರೂ ಕತ್ತಿಯನ್ನು ಸರಕಾರ ಹೇಗೆ ನೋಡುತ್ತದೆಂಬುದಕ್ಕೆ ಇವಕ್ಕಿಂತ ಹತ್ತಿರದ ಉದಾಹರಣೆ ಬೇರೆ ಬೇಡ.

19ನೇ ಶತಮಾನದಲ್ಲಿ ಮಲಬಾರಿನ ದಕ್ಷಿಣ ಭಾಗದಲ್ಲಿ ಮಾಪಿಳ್ಳೆ ದಂಗೆಗಳು ಮರುಕಳಿಸಿದಾಗ ಬ್ರಿಟಿಷ್ ಸರಕಾರ 1854ರಲ್ಲಿ ಮಲಬಾರಿನ ಯುದ್ಧದ ಕತ್ತಿಗಳನ್ನು ಇಟ್ಟುಕೊಳ್ಳುವುದನ್ನು ನಿಷೇಧಿಸುವ ಕಾಯಿದೆ ತಂದಿತು. ಕಲೆಕ್ಟರ್ ಕನೋಲಿ ಊರೂರು ತಿರುಗಿ ಸಾವಿರಾರು ಕತ್ತಿಗಳನ್ನು ಒಪ್ಪಿಸಿಕೊಂಡರು. 1855ರ ಸೆಪ್ಟೆಂಬರಿನಲ್ಲಿ ಕೋಳಿಕ್ಕೋಡಿನ ತಮ್ಮ ಬಂಗಲೆಯಲ್ಲೇ ಅವರು ಕೊಲೆಯಾದರು. ಕತ್ತಿಯನ್ನು ಕಿತ್ತುಕೊಂಡರೆ ಅದರ ಹಿಂದಿನ ಸಿಟ್ಟು ಹೋಗುವುದಿಲ್ಲ ಎಂಬುದಕ್ಕೆ ಇದೊಂದು ದುಃಖದ ಸಾಕ್ಷಿ. ಭೂಮಿಯ ಹಂಗು, ಗೇಣಿ, ಒಕ್ಕಲೆಬ್ಬಿಸುವಿಕೆಗಳ ಪ್ರಶ್ನೆ ಕತ್ತಿಗಳ ರಾಶಿಯ ಕೆಳಗೆ ಹಾಗೆಯೇ ಉಳಿಯಿತು. ನಮ್ಮ ಕಾಸರಗೋಡು ಆಗ ಮಲಬಾರಿಗೆ ಸೇರದೆ ಕೆನರಾ ಜಿಲ್ಲೆಯ ಬೇಕಲ ತಾಲೂಕಿನಲ್ಲಿತ್ತು. ಮಲಬಾರಿನ ಆ ಕಾಯಿದೆಯ ಗಡಿ ನಮಗಿಂತ ತೆಂಕಣಕ್ಕೆ ನಿಂತಿತು.

ಇನ್ನೊಂದು ದಿಕ್ಕಿನಲ್ಲಿ, ಘಟ್ಟದ ಮೇಲಿನ ಕೊಡಗಿನಲ್ಲಿ, ಕಥೆ ತದ್ವಿರುದ್ಧ. ಅಲ್ಲಿ ಪೀಚೆಕತ್ತಿ, ಒಡಿಕತ್ತಿಗಳು ಕೊಡವರ ಉಡುಪಿನ ಅಂಗಗಳು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದ ಆಯುಧ ಕಾಯಿದೆಯಿಂದ ದೊರೆತ ವಿನಾಯಿತಿ ಸ್ವಾತಂತ್ರ್ಯದ ಬಳಿಕವೂ ಮುಂದುವರಿದಿದೆ. ಒಂದೇ ಸರಕಾರ, ಒಂದೇ ಶತಮಾನ, ನೂರಿನ್ನೂರು ಮೈಲಿಗಳ ಅಂತರ. ಒಬ್ಬರ ಸೊಂಟದ ಕತ್ತಿ ಅಪರಾಧ, ಇನ್ನೊಬ್ಬರದು ಗೌರವ. ಆಳುವವರು ಅಳೆದದ್ದು ಅಲಗನ್ನಲ್ಲ, ಹಿಡಿದವನ ಮೇಲೆ ತಮಗಿದ್ದ ನಂಬಿಕೆಯನ್ನು.

ಇದನ್ನು ಬರೆಯುವಾಗ ನನ್ನ ಮನಸ್ಸಿನಲ್ಲಿ ನಮ್ಮೂರೂ ಇದೆ. ನಮ್ಮ ಪೇಟೆಗಳಲ್ಲಿ ಕತ್ತಿಯ ಹೆಸರು ಕೇಳಿದರೆ ಅಂಗಡಿ ಬಾಗಿಲು ಹಾಕಿದ ದಿನಗಳನ್ನು ನಾವೆಲ್ಲ ಕಂಡವರು. ಯಾರ ಕಿಸೆಯಲ್ಲಿ ಏನಿದೆ ಎಂದು ಪೋಲೀಸರು ತಡವಿ ನೋಡುವಾಗ ಅಡಿಕೆ ಸುಲಿಯಲು ಹೋಗುವ ಹುಡುಗನೂ ಕೈ ಎತ್ತಿ ನಿಲ್ಲಬೇಕಾಗುತ್ತದೆ. ಆಗ ಅವನು ಯಾವ ಭಾಷೆಯಲ್ಲಿ ಉತ್ತರ ಹೇಳುತ್ತಾನೆ, ಅವನ ಹೆಸರೇನು ಎಂಬುದರ ಮೇಲೆ ಆ ಕತ್ತಿ ಸಲಕರಣೆಯೋ ಆಯುಧವೋ ಎಂಬ ತೀರ್ಮಾನವಾಗಬಾರದು. ಅಳತೆ ಎಲ್ಲರಿಗೂ ಒಂದೇ ಇರಲಿ, ಕೇಳುವ ಪ್ರಶ್ನೆಯೂ ಒಂದೇ ಇರಲಿ. ಅಲಗಿಗೆ ಮೂರೋ ಒಂಬತ್ತೋ ಇಂಚಿನ ಗಡಿ ಹಾಕುವುದು ಸುಲಭ. ಅದರೊಡನೆ ಮನುಷ್ಯನ ಮೇಲೆ ಒಂದಿಷ್ಟು ನಂಬಿಕೆ ಇಡುವುದಕ್ಕೆ ನಾವು ಇನ್ನೂ ಪಳಗಬೇಕಾಗಿದೆ.

ಕೊನೆಯಲ್ಲಿ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯ ಅಟ್ಟದಲ್ಲೋ ಹಳೆಯ ಪೆಟ್ಟಿಗೆಯಲ್ಲೋ ಮಡಚುವ ಕತ್ತಿ, ಕಂಠ, ಅಡಕತ್ತರಿ ಮೊದಲಾದವು ಇದ್ದರೆ ಗುಜರಿಯವನಿಗೆ ಕೊಡುವ ಮೊದಲು ಮನೆಯ ಹಿರಿಯರಲ್ಲಿ ಅದರ ಹೆಸರು ಕೇಳಿ. ಹಿಡಿಗೆ, ಕೀಲಿಗೆ, ಕಚ್ಚಿಗೆ ಅವರು ಯಾವ ಶಬ್ದ ಹೇಳುತ್ತಿದ್ದರು, ಕನ್ನಡದಲ್ಲೋ ತುಳುವಿನಲ್ಲೋ ಮಲೆಯಾಳದಲ್ಲೋ ಎಂದು ಬರೆದಿಡಿ. ಕಬ್ಬಿಣಕ್ಕೆ ಹಿಡಿದ ತುಕ್ಕನ್ನು ಸೀಮೆಎಣ್ಣೆ ಹಾಕಿ ತೆಗೆಯಬಹುದು. ಬಾಯಿಯಿಂದ ಹೋದ ಶಬ್ದವನ್ನು ಮರಳಿ ತರುವ ಎಣ್ಣೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.